ಕ್ಯಾಲಿಫೋರ್ನಿಯಾ, 1916: ಹ್ಯೂಸ್ ಸೋತದ್ದು ಲಾಂಗ್ ಬೀಚ್ ಹೋಟೆಲಿನಲ್ಲಿ ಅಲ್ಲ

ದಕ್ಷಿಣದ ಓದುಗ (ಚರ್ಚೆ ಆರಂಭಿಸಿದವರು)

1916ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಯಾರು ಬರೆದರೂ, ಕ್ಯಾಲಿಫೋರ್ನಿಯಾದ ವಿಷಯ ಬಂದ ಕೂಡಲೇ ಒಂದೇ ಕಥೆ ಹೇಳಿ ಮುಗಿಸಿಬಿಡುತ್ತಾರೆ. ರಿಪಬ್ಲಿಕನ್ ಅಭ್ಯರ್ಥಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗಸ್ಟ್ 20ರ ಭಾನುವಾರ ಲಾಂಗ್ ಬೀಚ್‌ನ ವರ್ಜೀನಿಯಾ ಹೋಟೆಲಿನಲ್ಲಿ ಸ್ವಲ್ಪ ಹೊತ್ತು ವಿಶ್ರಾಂತಿಗೆಂದು ಇಳಿದರು. ರಾಜ್ಯದ ಗವರ್ನರ್ ಹೈರಮ್ ಜಾನ್ಸನ್ ಕೂಡ ಆಗ ಅದೇ ಹೋಟೆಲಿನಲ್ಲಿದ್ದರು. ಇಬ್ಬರೂ ಭೇಟಿಯಾಗಲಿಲ್ಲ. ಹ್ಯೂಸ್‌ಗೆ ವಿಷಯ ತಿಳಿದದ್ದು ಅಲ್ಲಿಂದ ಹೊರಟ ಮೇಲೆ. ಕ್ಷಮೆ ಕೇಳಲು ಆಳು ಕಳುಹಿಸಿದರು. ಜಾನ್ಸನ್ ಒಪ್ಪಲಿಲ್ಲ. ಅವರ ಬೆಂಬಲಿಗರು ಮುನಿಸಿಕೊಂಡರು, ಹ್ಯೂಸ್ 3,773 ಮತಗಳಿಂದ ಕ್ಯಾಲಿಫೋರ್ನಿಯಾವನ್ನು ಕಳೆದುಕೊಂಡರು, ಅದರೊಂದಿಗೆ ಶ್ವೇತಭವನವನ್ನೂ ಕಳೆದುಕೊಂಡರು. ಒಂದು ಹಸ್ತಲಾಘವ ತಪ್ಪಿದ್ದಕ್ಕೆ ದೇಶದ ಚರಿತ್ರೆಯೇ ಬದಲಾಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಹೇಳಿದ ಘಟನೆ ನಡೆದದ್ದು ನಿಜ. ಆದರೆ ಸೋಲಿಗೆ ಅದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಸುಮಾರು ಹತ್ತು ಲಕ್ಷ ಜನ ಮತ ಹಾಕಿದ ಚುನಾವಣೆಯನ್ನು ಇಬ್ಬರು ದೊಡ್ಡ ಮನುಷ್ಯರ ಮಾನಾಪಮಾನಕ್ಕೆ ಇಳಿಸಿದರೆ, ಆ ಹತ್ತು ಲಕ್ಷ ಜನರ ತೀರ್ಮಾನಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಹ್ಯೂಸ್ ಅವರ ನಿಜವಾದ ಸೋಲು ಅದರ ಹಿಂದಿನ ದಿನ, ಆಗಸ್ಟ್ 19ರಂದು, ಸ್ಯಾನ್ ಫ್ರಾನ್ಸಿಸ್ಕೋದ ಊಟದ ಮೇಜಿನ ಬಳಿ ಶುರುವಾಯಿತು ಎಂಬುದು ನನ್ನ ವಾದ.

ಅಲ್ಲಿ ಆದದ್ದು ಇಷ್ಟು. ಆ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕುದಿಯುತ್ತಿತ್ತು. ಜುಲೈ 22ರಂದು ಯುದ್ಧಸಿದ್ಧತೆಯ ಮೆರವಣಿಗೆಯಲ್ಲಿ ಬಾಂಬ್ ಸಿಡಿದು 10 ಜನ ಸತ್ತಿದ್ದರು. ಕಾರ್ಮಿಕ ಮುಖಂಡ ಟಾಮ್ ಮೂನಿಯನ್ನು ಬಂಧಿಸಲಾಗಿತ್ತು. ನಗರದ ವಾಣಿಜ್ಯ ಮಂಡಳಿ ಇದೇ ಸಮಯವೆಂದು ಕಾರ್ಮಿಕ ಸಂಘಗಳ ಬೆನ್ನೆಲುಬು ಮುರಿಯಲು ಹೊರಟಿತ್ತು. ಹೋಟೆಲು, ಉಪಾಹಾರ ಗೃಹಗಳ ಕಿಟಕಿಯಲ್ಲಿ, ‘ಇಲ್ಲಿ ಸಂಘದ ಕಟ್ಟುಪಾಡಿಲ್ಲ’ ಎಂದು ಸಾರುವ ಕಾರ್ಡುಗಳನ್ನು ತೂಗುಹಾಕಿಸಲಾಗುತ್ತಿತ್ತು. ಅಡುಗೆಯವರು ಮತ್ತು ಬಡಿಸುವವರು ಮುಷ್ಕರ ಹೂಡಿದ್ದರು. ಹ್ಯೂಸ್‌ಗೆ ಔತಣ ಏರ್ಪಡಿಸಿದ್ದ ಕಮರ್ಷಿಯಲ್ ಕ್ಲಬ್ಬಿನಲ್ಲೂ ಆ ಕಾರ್ಡು ಇತ್ತು. ಅದನ್ನು ತೆಗೆದರೆ ಮಾತ್ರ ಬಡಿಸುತ್ತೇವೆ ಎಂದು ಸಂಘದವರು ಹೇಳಿದರು. ಕಾರ್ಡು ತೆಗೆಯಲಿಲ್ಲ. ಸಂಘಕ್ಕೆ ಸೇರದವರು ಬಂದು ಬಡಿಸಿದರು, ಹ್ಯೂಸ್ ಕುಳಿತು ಊಟ ಮಾಡಿದರು. ಆ ಊಟಕ್ಕೆ ಅವರನ್ನು ಕರೆದುಕೊಂಡು ಹೋದವರು ಬ್ಯಾಂಕರ್ ವಿಲಿಯಂ ಕ್ರಾಕರ್ ಮತ್ತು ಅವರ ಬಳಗದವರು, ಅಂದರೆ ಪಕ್ಷದ ಹಳೆಯ ಪಟ್ಟಭದ್ರರು.

ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹ್ಯೂಸ್ ಎದುರಾಳಿ, ಆಗಿನ ಡೆಮಾಕ್ರಟ್ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಸುಮಾರು 15,000 ಮತಗಳ ಮುನ್ನಡೆ ಕೊಟ್ಟಿತು. ರಾಜ್ಯದ ಒಟ್ಟು ಅಂತರದ ನಾಲ್ಕು ಪಟ್ಟು. ಇಷ್ಟು ಗೊತ್ತಿದ್ದೂ ಹೋಟೆಲಿನ ಹಜಾರದ ಕಥೆಯನ್ನೇ ಏಕೆ ಹೇಳುತ್ತೇವೆ? ನಿಮ್ಮ ಅಭಿಪ್ರಾಯ ಬರೆಯಿರಿ.

ಹಳೆಯ ಕಡತ

ನಾನು ಹೋಟೆಲಿನ ಕಥೆಯ ಪರ. ಅದನ್ನು ಸಣ್ಣ ಮಾತಿನಲ್ಲಿ ತಳ್ಳಿಹಾಕಲು ಆಗದು.

ನವೆಂಬರ್ 7ರಂದು ಒಂದೇ ದಿನ, ಒಂದೇ ಮತಪತ್ರದಲ್ಲಿ ಎರಡು ಸ್ಪರ್ಧೆಗಳಿದ್ದವು. ಸೆನೆಟ್‌ಗೆ ರಿಪಬ್ಲಿಕನ್ ಅಭ್ಯರ್ಥಿಯಾಗಿ ನಿಂತಿದ್ದ ಜಾನ್ಸನ್‌ಗೆ 5,74,667 ಮತ. ಅವರ ಎದುರಾಳಿ ಡೆಮಾಕ್ರಟ್ ಜಾರ್ಜ್ ಪ್ಯಾಟನ್‌ಗೆ 2,77,852. (ಎರಡನೇ ಮಹಾಯುದ್ಧದ ಜನರಲ್ ಪ್ಯಾಟನ್ ಅವರ ತಂದೆ ಇವರು.) ಅಂತರ ಸುಮಾರು ಮೂರು ಲಕ್ಷ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅದೇ ಪಕ್ಷದ ಹ್ಯೂಸ್‌ಗೆ 4,62,516. ಅಂದರೆ ಜಾನ್ಸನ್‌ಗೆ ಗುರುತು ಹಾಕಿದವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹ್ಯೂಸ್ ಹೆಸರಿನ ಬಳಿ ಬಂದಾಗ ಕೈ ಹಿಂತೆಗೆದರು. ಜಾನ್ಸನ್ ಮನಃಪೂರ್ವಕವಾಗಿ ಕೇಳಿಕೊಂಡಿದ್ದರೆ, ಆ ಲಕ್ಷದಲ್ಲಿ ನಾಲ್ಕು ಸಾವಿರ ಜನ ಬರುತ್ತಿರಲಿಲ್ಲವೇ?

ಇನ್ನೊಂದು ವಿಷಯ. ಹ್ಯೂಸ್ ರಾಜ್ಯಕ್ಕೆ ಕಾಲಿಟ್ಟ ಸಮಯವನ್ನು ನೋಡಿ. ಸೆನೆಟ್‌ಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆ ಆಗಸ್ಟ್ 29ಕ್ಕೆ ನಿಗದಿಯಾಗಿತ್ತು. ಜಾನ್ಸನ್ ಒಂದು ಕಡೆ, ಹಳಬರು ನಿಲ್ಲಿಸಿದ್ದ ವಿಲ್ಲಿಸ್ ಬೂತ್ ಇನ್ನೊಂದು ಕಡೆ. ಮನೆಯಲ್ಲಿ ದಾಯಾದಿ ಜಗಳ ತಾರಕಕ್ಕೇರಿದ್ದ ವಾರದಲ್ಲಿ ಅತಿಥಿ ಬಂದು, ಒಂದು ಗುಂಪಿನ ಜೊತೆಗೇ ಊರೂರು ಸುತ್ತಿದರು. ಸ್ಥಳೀಯ ಭಿನ್ನಮತಗಳಿಗೂ ತಮಗೂ ಸಂಬಂಧವಿಲ್ಲ ಎಂದು ವೇದಿಕೆಯಲ್ಲಿ ಹೇಳುತ್ತಿದ್ದರೂ ಪಕ್ಕದಲ್ಲಿ ಕುಳಿತಿದ್ದವರು ಯಾರು ಎಂಬುದು ಜನರಿಗೆ ಕಾಣುತ್ತಿತ್ತು. ಹೋಟೆಲಿನ ಘಟನೆ ಅದಕ್ಕೆ ಮುದ್ರೆ ಒತ್ತಿತು ಅಷ್ಟೇ. ಅದು ಒಂದು ಹಸ್ತಲಾಘವದ ವಿಷಯವಲ್ಲ. ಹ್ಯೂಸ್ ಯಾರ ಕೈಯಲ್ಲಿದ್ದಾರೆ ಎಂಬುದು ಬಯಲಾದ ವಿಷಯ.

ಲೆಕ್ಕದ ಮನುಷ್ಯ

ವಾದಕ್ಕೆ ಮೊದಲು ಸಂಖ್ಯೆಗಳನ್ನು ಸರಿಯಾಗಿ ಇಟ್ಟುಕೊಳ್ಳೋಣ.

ಅಧ್ಯಕ್ಷರನ್ನು ಆರಿಸುವುದು ಪ್ರತಿ ರಾಜ್ಯದಿಂದ ಆಯ್ಕೆಯಾಗುವ ಎಲೆಕ್ಟರ್‌ಗಳು; ಅವರ ಮತವೇ ಎಲೆಕ್ಟೋರಲ್ ಮತ. ದೇಶದಾದ್ಯಂತ ವಿಲ್ಸನ್‌ಗೆ 277 ಎಲೆಕ್ಟೋರಲ್ ಮತ, ಹ್ಯೂಸ್‌ಗೆ 254. ಗೆಲ್ಲಲು ಬೇಕಿದ್ದದ್ದು 266. ಕ್ಯಾಲಿಫೋರ್ನಿಯಾದ 13 ಆಚೆಯಿಂದ ಈಚೆಗೆ ಬಂದಿದ್ದರೆ ಹ್ಯೂಸ್‌ಗೆ 267, ವಿಲ್ಸನ್‌ಗೆ 264. ಒಂದೇ ಒಂದು ಮತ ಮಿಗಿಸಿಕೊಂಡು ಹ್ಯೂಸ್ ಅಧ್ಯಕ್ಷರಾಗುತ್ತಿದ್ದರು. ಅದೂ ದೇಶದ ಒಟ್ಟು ಜನಮತದಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಿಂದಿದ್ದು.

ಆ ವರ್ಷ ಇನ್ನೂ ಬಿಗಿಯಾದ ರಾಜ್ಯಗಳಿದ್ದವು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವಿಲ್ಸನ್ ಗೆದ್ದದ್ದು 56 ಮತಗಳಿಂದ. ಮಿನ್ನೆಸೋಟದಲ್ಲಿ ಹ್ಯೂಸ್ ಗೆದ್ದದ್ದು 392ರಿಂದ. ಆದರೆ ಫಲಿತಾಂಶವನ್ನು ತಾನೊಂದೇ ತಿರುಗಿಸುವಷ್ಟು ತೂಕವೂ ಇದ್ದು, ಅಂತರವೂ ಇಷ್ಟು ಕಡಿಮೆ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ ಮಾತ್ರ.

ಕೆಲವು ಪುಸ್ತಕಗಳಲ್ಲಿ ಅಂತರ 3,773 ಎಂದಿದ್ದರೆ ಇನ್ನು ಕೆಲವು 3,806 ಎನ್ನುತ್ತವೆ. ಇದು ಮುದ್ರಣ ದೋಷವಲ್ಲ. ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಮತದಾರರು ವಿಲ್ಸನ್ ಅಥವಾ ಹ್ಯೂಸ್ ಎಂದು ಒಂದೇ ಗುರುತು ಹಾಕಿ ಬರುವಂತಿರಲಿಲ್ಲ. ಪ್ರತಿ ಪಕ್ಷದ 13 ಎಲೆಕ್ಟರ್‌ಗಳ ಹೆಸರೂ ಮತಪತ್ರದಲ್ಲಿ ಇರುತ್ತಿತ್ತು. ಅವರನ್ನು ಒಬ್ಬೊಬ್ಬರನ್ನಾಗಿ ಆರಿಸಬೇಕಿತ್ತು. ಯಾರೋ ಹನ್ನೆರಡಕ್ಕೆ ನಿಲ್ಲಿಸಿದರು, ಯಾರೋ ಎರಡು ಪಕ್ಷಗಳಿಂದಲೂ ಆರಿಸಿದರು. ಹೀಗಾಗಿ ಒಂದೇ ಪಕ್ಷದ ಎಲೆಕ್ಟರ್‌ಗಳಿಗೆ ಬೇರೆ ಬೇರೆ ಸಂಖ್ಯೆಯ ಮತ ಬೀಳುತ್ತಿತ್ತು. ಯಾರ ಮತವನ್ನು ಯಾರ ಮತದಿಂದ ಕಳೆಯುತ್ತೀರಿ ಎಂಬುದರ ಮೇಲೆ ಅಂತರ ಬದಲಾಗುತ್ತದೆ.

ಇದರ ಪರಿಣಾಮ 1912ರಲ್ಲಿ ಕಣ್ಣಿಗೆ ಕಾಣುವಂತೆ ಆಗಿತ್ತು. ಆ ವರ್ಷ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕ್ಯಾಲಿಫೋರ್ನಿಯಾವನ್ನು ಗೆದ್ದದ್ದು ಬರೀ 174 ಮತಗಳಿಂದ. ರಾಜ್ಯದ 13 ಎಲೆಕ್ಟೋರಲ್ ಮತಗಳಲ್ಲಿ 11 ಅವರಿಗೆ ಬಂದು 2 ವಿಲ್ಸನ್ ಪಾಲಾದವು. 1916ರಲ್ಲಿ ಅಂತರ ಸಾವಿರಗಳಲ್ಲಿ ಇದ್ದದ್ದರಿಂದ ಹದಿಮೂರೂ ಒಂದೇ ಕಡೆ ಹೋದವು. ಒಡೆದಿದ್ದರೆ ಎಂಬ ಲೆಕ್ಕವನ್ನೂ ಹಾಕಿ ನೋಡಿ: ಹ್ಯೂಸ್‌ಗೆ 266 ತಲುಪಲು ಹದಿಮೂರರಲ್ಲಿ 12 ಬೇಕಿತ್ತು.

ಈಗ ನನ್ನ ಪ್ರಶ್ನೆ. 1912ರಲ್ಲಿ ಸೋಷಲಿಸ್ಟ್ ಯೂಜೀನ್ ಡೆಬ್ಸ್‌ಗೆ ಈ ರಾಜ್ಯದಲ್ಲಿ ಸುಮಾರು 79,000 ಮತ ಬಂದಿತ್ತು. 1916ರಲ್ಲಿ ಅದೇ ಪಕ್ಷದ ಆಲನ್ ಬೆನ್ಸನ್‌ಗೆ ಬಂದದ್ದು ಸುಮಾರು 43,000. ಮೂವತ್ತಾರು ಸಾವಿರ ಮತ ಎಲ್ಲಿಗೆ ಹೋಯಿತು? ಅದರಲ್ಲಿ ದೊಡ್ಡ ಪಾಲು ಹ್ಯೂಸ್‌ಗೆ ಹೋಗಿರಲಾರದು. ಹೋಟೆಲಿಗಿಂತ ಇದು ನನಗೆ ಹೆಚ್ಚು ಮಾತಾಡುತ್ತದೆ.

ಸ್ಯಾನ್ ಹೋಸೆ ನಿವಾಸಿ

ಇಲ್ಲಿನ ಹಳೆಯ ರಾಜಕೀಯವನ್ನು ಆಸಕ್ತಿಯಿಂದ ಓದಿಕೊಂಡಿರುವವನು ನಾನು. ಈ ಜಗಳದ ಬೇರು 1916ರಲ್ಲಿ ಇಲ್ಲ, ಸದರ್ನ್ ಪೆಸಿಫಿಕ್ ರೈಲು ಕಂಪನಿಯಲ್ಲಿದೆ.

ದಶಕಗಳ ಕಾಲ ಈ ರಾಜ್ಯದ ಶಾಸಕರು, ನ್ಯಾಯಾಧೀಶರು, ಪಕ್ಷದ ಸಭೆಗಳು ಎಲ್ಲವೂ ಆ ಕಂಪನಿಯ ಅಂಕೆಯಲ್ಲಿದ್ದವು. 1910ರಲ್ಲಿ ಜಾನ್ಸನ್ ಮೋಟಾರು ಕಾರಿನಲ್ಲಿ ಊರೂರು ತಿರುಗಿ, ಸದರ್ನ್ ಪೆಸಿಫಿಕ್ಕನ್ನು ರಾಜಕೀಯದಿಂದ ಒದ್ದೋಡಿಸುತ್ತೇನೆ ಎಂಬ ಒಂದೇ ಮಾತಿನ ಮೇಲೆ ಗವರ್ನರ್ ಆದರು. ಮರುವರ್ಷವೇ ಜನರೇ ಕಾನೂನು ಪ್ರಸ್ತಾಪಿಸುವ ಹಕ್ಕು, ಜನಮತ ಸಂಗ್ರಹ, ಚುನಾಯಿತರನ್ನು ಹಿಂದಕ್ಕೆ ಕರೆಸುವ ಅಧಿಕಾರ, ಮಹಿಳೆಯರ ಮತದಾನ ಎಲ್ಲವೂ ಬಂದವು. ಈಗಲೂ ಇಲ್ಲಿ ಪ್ರತಿ ಚುನಾವಣೆಯಲ್ಲಿ ಮತಪತ್ರದ ಜೊತೆ ಉದ್ದನೆಯ ಪ್ರಸ್ತಾವಗಳ ಪುಸ್ತಕ ಮನೆಗೆ ಬರುತ್ತದೆ. ಅದರ ಮೂಲ ಅಲ್ಲಿದೆ.

ಹಳಬರು ಇದನ್ನು ಮರೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರು ಮರೆಯದೆ ಇದ್ದದ್ದು 1912. ರೂಸ್‌ವೆಲ್ಟ್ ಪಕ್ಷ ಒಡೆದು ಪ್ರೊಗ್ರೆಸಿವ್ ಪಕ್ಷ ಕಟ್ಟಿದಾಗ ಜಾನ್ಸನ್ ಅವರ ಉಪಾಧ್ಯಕ್ಷ ಅಭ್ಯರ್ಥಿ. ಕ್ಯಾಲಿಫೋರ್ನಿಯಾದಲ್ಲಿ ಪಕ್ಷದ ಯಂತ್ರ ಜಾನ್ಸನ್ ಕೈಯಲ್ಲಿ ಇದ್ದದ್ದರಿಂದ ರಿಪಬ್ಲಿಕನ್ ಎಂಬ ಹೆಸರಿನ ಸಾಲಿನಲ್ಲಿ ರೂಸ್‌ವೆಲ್ಟ್ ಎಲೆಕ್ಟರ್‌ಗಳೇ ನಿಂತರು. ಅಧಿಕಾರದಲ್ಲಿದ್ದ ರಿಪಬ್ಲಿಕನ್ ಅಧ್ಯಕ್ಷ ಟಾಫ್ಟ್‌ಗೆ ತಮ್ಮದೇ ಪಕ್ಷದ ಮತಪತ್ರದಲ್ಲಿ ಜಾಗವಿರಲಿಲ್ಲ! ಅವರಿಗೆ ಮತ ಹಾಕಬೇಕಾದರೆ ಎಲೆಕ್ಟರ್‌ಗಳ ಹೆಸರನ್ನು ಕೈಯಿಂದ ಬರೆಯಬೇಕಿತ್ತು. ನಾಲ್ಕು ಸಾವಿರದಷ್ಟು ಜನ ಬರೆದರು.

ಇಂಥ ಅವಮಾನ ತಿಂದ ಕ್ರಾಕರ್, ಫ್ರಾನ್ಸಿಸ್ ಕೀಸ್ಲಿಂಗ್ ಮುಂತಾದವರಿಗೆ 1916ರಲ್ಲಿ ಹ್ಯೂಸ್ ಪ್ರವಾಸದ ಉಸ್ತುವಾರಿ ಸಿಕ್ಕಿತು. ಅಷ್ಟರಲ್ಲಿ ರೂಸ್‌ವೆಲ್ಟ್ ಪ್ರೊಗ್ರೆಸಿವ್ ಪಕ್ಷದ ಉಮೇದುವಾರಿಕೆಯನ್ನು ಬೇಡವೆಂದು ಹೇಳಿ ಹ್ಯೂಸ್ ಬೆನ್ನಿಗೆ ನಿಂತಿದ್ದರು, ಪಕ್ಷ ಕರಗಿಹೋಗುತ್ತಿತ್ತು. ಜಾನ್ಸನ್ ತಮ್ಮ ಜನರನ್ನು ಕಟ್ಟಿಕೊಂಡು ಹಳೆಯ ಮನೆಗೆ ಮರಳುತ್ತಿದ್ದ ಸಮಯ. ಬಾಗಿಲಲ್ಲೇ ತಡೆಯಬೇಕೆಂದು ಹಳಬರ ಹಟ. ಹ್ಯೂಸ್ ಗೆಲ್ಲುವುದಕ್ಕಿಂತ ಜಾನ್ಸನ್ ಸೋಲುವುದೇ ಅವರಿಗೆ ಮುಖ್ಯವಾಗಿತ್ತು ಎಂದೇ ನಾನು ನಂಬುತ್ತೇನೆ.

ಭೂಗೋಳದ ಒಂದು ಮಾತು: ಲಾಸ್ ಏಂಜಲೀಸ್ ಮತ್ತು ಸುತ್ತಲಿನ ದಕ್ಷಿಣ ಭಾಗ ಹ್ಯೂಸ್ ಕಡೆಗೇ ನಿಂತಿತು. ಹೋಟೆಲಿನ ಘಟನೆ ನಡೆದದ್ದು ದಕ್ಷಿಣದಲ್ಲಿ, ಸೋಲು ಬಂದದ್ದು ಉತ್ತರದಿಂದ. ಹಾಗೆಂದು ಜಾನ್ಸನ್ ಬೆಂಬಲ ಉತ್ತರದಲ್ಲಿ ಗಟ್ಟಿಯಾಗಿತ್ತು ಎಂಬುದನ್ನೂ ಹೇಳಬೇಕು. ಅವರು ಸ್ಯಾಕ್ರಮೆಂಟೊದವರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಕೀಲಿಕೆ ಮಾಡಿ ಹೆಸರಾದವರು. ಆದ್ದರಿಂದ ಭೂಗೋಳ ಎರಡೂ ವಾದಕ್ಕೆ ಸಾಕ್ಷಿ ಹೇಳುತ್ತದೆ.

ದಕ್ಷಿಣದ ಓದುಗ

‘ಹಳೆಯ ಕಡತ’ ಅವರ ಲಕ್ಷದ ಅಂತರಕ್ಕೆ ಉತ್ತರ ಕೊಡುತ್ತೇನೆ.

ಜಾನ್ಸನ್‌ಗೆ ಬಂದ 5,74,667 ಮತಗಳೆಲ್ಲ ರಿಪಬ್ಲಿಕನ್ ಮತಗಳಲ್ಲ. ಅವರು ಪ್ರೊಗ್ರೆಸಿವ್ ಪಕ್ಷದ ಅಭ್ಯರ್ಥಿಯೂ ಆಗಿದ್ದರು. ಕ್ಯಾಲಿಫೋರ್ನಿಯಾದ ಕಾನೂನು ಒಬ್ಬನೇ ಮನುಷ್ಯ ಎರಡು ಪಕ್ಷಗಳ ಪ್ರೈಮರಿಯಲ್ಲಿ ನಿಲ್ಲಲು ಅವಕಾಶ ಕೊಟ್ಟಿತ್ತು. ಕಾರ್ಮಿಕರ ಪರ ಕಾನೂನುಗಳನ್ನು ತಂದ ಗವರ್ನರ್ ಎಂದು ಸಂಘಗಳ ಜನ, ಅನೇಕ ಡೆಮಾಕ್ರಟರು ಅವರಿಗೆ ಮತ ಹಾಕಿದರು. ಅಂಥವರು ಸೆನೆಟ್‌ಗೆ ಜಾನ್ಸನ್, ಅಧ್ಯಕ್ಷರಾಗಿ ವಿಲ್ಸನ್ ಎಂದು ಗುರುತು ಹಾಕಿದ್ದರಲ್ಲಿ ಯಾವ ವಿರೋಧಾಭಾಸವೂ ಇಲ್ಲ. ಇಬ್ಬರೂ ಅವರ ಪಾಲಿಗೆ ಒಂದೇ ಬಗೆಯ ಕೆಲಸ ಮಾಡಿದ್ದರು. ಸೆಪ್ಟೆಂಬರ್ ಆರಂಭದಲ್ಲಿ ವಿಲ್ಸನ್ ರೈಲ್ವೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ ಎಂಬ ಆಡಮ್ಸನ್ ಕಾಯ್ದೆಗೆ ಸಹಿ ಹಾಕಿದರು. ಹ್ಯೂಸ್ ಅದನ್ನು ಊರೂರಿನಲ್ಲಿ ಖಂಡಿಸಿದರು. ಓಕ್‌ಲ್ಯಾಂಡ್‌ನ ರೈಲ್ವೆ ಕಾರ್ಮಿಕನೊಬ್ಬ ಜಾನ್ಸನ್‌ಗೂ ವಿಲ್ಸನ್‌ಗೂ ಮತ ಹಾಕುವುದಕ್ಕೆ ಯಾವ ಹೋಟೆಲಿನ ಕಾರಣವೂ ಬೇಕಿರಲಿಲ್ಲ.

ಎರಡನೆಯದು, ಜಾನ್ಸನ್ ಮೌನವಾಗಿ ಕುಳಿತಿರಲಿಲ್ಲ. ಪ್ರೈಮರಿ ಗೆದ್ದ ಮೇಲೆ ಅವರು ಹ್ಯೂಸ್ ಪರವಾಗಿ ಭಾಷಣ ಮಾಡಿದರು. ಫ್ರೆಸ್ನೋದ ಪತ್ರಿಕಾ ಸಂಪಾದಕ, ಜಾನ್ಸನ್ ಗೆಳೆಯ ಚೆಸ್ಟರ್ ರೊವೆಲ್ ರಿಪಬ್ಲಿಕನ್ ಪಕ್ಷದ ರಾಜ್ಯ ಸಮಿತಿಯ ಅಧ್ಯಕ್ಷರಾದರು. ಅಂದರೆ ಕೊನೆಯ ವಾರಗಳ ಪ್ರಚಾರ ಜಾನ್ಸನ್ ಬಳಗದ ಕೈಯಲ್ಲೇ ಇತ್ತು. ಮುನಿಸು ಆಗಸ್ಟ್‌ನದು, ಮತದಾನ ನವೆಂಬರ್‌ನದು.

ಈ ಕಥೆ ಏಕೆ ಉಳಿಯಿತು ಎಂದರೆ, ಅದು ಎರಡೂ ಗುಂಪುಗಳಿಗೆ ಬೇಕಾಗಿತ್ತು. ಹಳಬರಿಗೆ ಜಾನ್ಸನ್ ಅಹಂಕಾರದಿಂದ ಸೋತೆವು ಎನ್ನಲು ಅನುಕೂಲ. ಜಾನ್ಸನ್ ಕಡೆಯವರಿಗೆ ಹಳಬರ ಸೊಕ್ಕಿನಿಂದ ಸೋತೆವು ಎನ್ನಲು ಅನುಕೂಲ. ಮುಷ್ಕರದಲ್ಲಿದ್ದ ಬಡಿಸುವವರ ಹೆಸರು ಹೇಳಲು ಇಬ್ಬರಿಗೂ ಇಷ್ಟವಿರಲಿಲ್ಲ.

ಮಲ್ಲಿಗೆ

ಇಷ್ಟು ಹೊತ್ತು ಎಲ್ಲರೂ ಗಂಡಸರ ಬಗ್ಗೆಯೇ ಬರೆದಿದ್ದೀರಿ. ಈ ರಾಜ್ಯದಲ್ಲಿ ಮಹಿಳೆಯರು ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ್ದು ಇದು ಎರಡನೇ ಸಲ. 1908ರಲ್ಲಿ ಇಲ್ಲಿ ಚಲಾವಣೆಯಾದ ಒಟ್ಟು ಮತ ನಾಲ್ಕು ಲಕ್ಷವೂ ಇರಲಿಲ್ಲ, 1916ರಲ್ಲಿ ಹತ್ತು ಲಕ್ಷದ ಹತ್ತಿರ. ಜನಸಂಖ್ಯೆ ಬೆಳೆದದ್ದೂ ಕಾರಣ, ಆದರೆ ಮುಖ್ಯ ಕಾರಣ 1911ರ ಅಕ್ಟೋಬರ್ 10. ಅಂದು ಮಹಿಳಾ ಮತದಾನದ ತಿದ್ದುಪಡಿ ಗೆದ್ದದ್ದು ಎಷ್ಟು ಮತಗಳಿಂದ ಗೊತ್ತೇ? 3,587. ಸ್ಯಾನ್ ಫ್ರಾನ್ಸಿಸ್ಕೋ ನಗರ ಅದನ್ನು ಸೋಲಿಸಿತ್ತು; ಹಳ್ಳಿಗಾಡು ಉಳಿಸಿತು. ಐದು ವರ್ಷಗಳ ನಂತರ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ ದೇಶದ ಅಧ್ಯಕ್ಷರ ಆಯ್ಕೆ ನಿಂತಿತ್ತು.

ಹ್ಯೂಸ್ ಇಲ್ಲಿ ಗೆಲ್ಲಬೇಕಾಗಿತ್ತು. 1916ರ ಆಗಸ್ಟ್ 1ರಂದು ಅವರು ರಾಷ್ಟ್ರವ್ಯಾಪಿ ಮಹಿಳಾ ಮತದಾನದ ತಿದ್ದುಪಡಿಯನ್ನು ಬೆಂಬಲಿಸಿದರು. ವಿಲ್ಸನ್ ಆಗಿನ್ನೂ ಅದನ್ನು ರಾಜ್ಯಗಳೇ ನಿರ್ಧರಿಸಲಿ ಎನ್ನುತ್ತಿದ್ದರು. ಮಹಿಳೆಯರಿಗೆ ಮತವಿದ್ದ ರಾಜ್ಯಗಳಲ್ಲಿ ನ್ಯಾಷನಲ್ ವುಮನ್ಸ್ ಪಾರ್ಟಿ ವಿಲ್ಸನ್ ವಿರುದ್ಧವೇ ಪ್ರಚಾರ ಮಾಡಿತು. ವಕೀಲೆ ಐನೆಜ್ ಮಿಲ್ಹಾಲೆಂಡ್ ರಕ್ತಹೀನತೆಯಿಂದ ನಿಲ್ಲಲೂ ಆಗದಂತಿದ್ದರೂ ಪಶ್ಚಿಮದ ಊರುಗಳಲ್ಲಿ ಒಂದಾದ ಮೇಲೊಂದು ಭಾಷಣ ಮಾಡುತ್ತಾ ಬಂದರು. ಅಕ್ಟೋಬರ್ 23ರಂದು ಲಾಸ್ ಏಂಜಲೀಸ್‌ನ ವೇದಿಕೆಯ ಮೇಲೆ, ಮಹಿಳೆಯರು ಸ್ವಾತಂತ್ರ್ಯಕ್ಕಾಗಿ ಇನ್ನೆಷ್ಟು ಕಾಲ ಕಾಯಬೇಕು ಎಂದು ಅಧ್ಯಕ್ಷರನ್ನು ಪ್ರಶ್ನಿಸುತ್ತಲೇ ಕುಸಿದು ಬಿದ್ದರು. ನವೆಂಬರ್ 25ರಂದು ಅಲ್ಲಿಯ ಆಸ್ಪತ್ರೆಯಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತು ವರ್ಷ.

ಮಿಲ್ಹಾಲೆಂಡ್ ಯಾವ ಕ್ಯಾಲಿಫೋರ್ನಿಯಾದ ಜನರನ್ನು ಕೇಳಿಕೊಂಡರೋ ಅವರೇ ವಿಲ್ಸನ್‌ರನ್ನು ಗೆಲ್ಲಿಸಿದರು. ಮಹಿಳೆಯರಿಗೆ ಅಧ್ಯಕ್ಷರ ಆಯ್ಕೆಯಲ್ಲಿ ಮತವಿದ್ದ 12 ರಾಜ್ಯಗಳಲ್ಲಿ ವಿಲ್ಸನ್ 10 ಗೆದ್ದರು. ಯುರೋಪಿನಲ್ಲಿ ವರ್ಡನ್, ಸೊಮ್ ನಡೆಯುತ್ತಿದ್ದ ವರ್ಷ ಅದು. ‘ನಮ್ಮನ್ನು ಯುದ್ಧದಿಂದ ಹೊರಗಿಟ್ಟವರು’ ಎಂಬ ಡೆಮಾಕ್ರಟರ ಘೋಷಣೆ ತಾಯಂದಿರ ಕಿವಿಗೆ ಬಿದ್ದಿತು. ಅದರ ಮೇಲೆ ಹ್ಯೂಸ್ ಪರ ಪ್ರಚಾರಕ್ಕೆಂದು ಪೂರ್ವದ ಶ್ರೀಮಂತ ಮನೆತನಗಳ ಮಹಿಳೆಯರು ವಿಶೇಷ ರೈಲಿನಲ್ಲಿ ಪಶ್ಚಿಮಕ್ಕೆ ಬಂದರು. ಅದನ್ನು ಕೋಟ್ಯಧಿಪತಿಗಳ ರೈಲು ಎಂದು ಜನ ಕರೆದರು. ಒಳಿತಿಗಿಂತ ಕೆಡುಕೇ ಹೆಚ್ಚಾಯಿತು. ಹೋಟೆಲು, ಕ್ಲಬ್ಬು, ರೈಲು ಮೂರರಲ್ಲೂ ಹ್ಯೂಸ್ ಸುತ್ತ ಹಣವಂತರೇ ಕಾಣಿಸಿಕೊಂಡರು ಎಂಬುದನ್ನು ಗಮನಿಸಿ.

ಲೆಕ್ಕದ ಮನುಷ್ಯ

ಮಲ್ಲಿಗೆ ಅವರೇ, ನಿಮ್ಮ ಬರಹ ಮನಸ್ಸು ಮುಟ್ಟಿತು. ಆದರೆ ಮಹಿಳೆಯರು ಶಾಂತಿಗಾಗಿ ವಿಲ್ಸನ್‌ಗೆ ಮತ ಹಾಕಿದರು ಎಂಬುದನ್ನು ಕ್ಯಾಲಿಫೋರ್ನಿಯಾದ ಮತಪತ್ರಗಳಿಂದ ಸಾಧಿಸಲು ಆಗುವುದಿಲ್ಲ. ಗಂಡಸರ ಮತ, ಹೆಂಗಸರ ಮತ ಎಂದು ಅಲ್ಲಿ ಬೇರೆ ಮಾಡಿರಲಿಲ್ಲ.

ಬೇರೆ ಮಾಡಿದ್ದ ರಾಜ್ಯ ಇಲಿನಾಯ್. ಅಲ್ಲಿನ ಕಾನೂನಿನಲ್ಲಿ ಮಹಿಳೆಯರಿಗೆ ಎಲ್ಲ ಹುದ್ದೆಗಳಿಗೂ ಮತವಿರಲಿಲ್ಲವಾದ್ದರಿಂದ ಅವರ ಮತಪತ್ರಗಳನ್ನು ಪ್ರತ್ಯೇಕವಾಗಿ ಎಣಿಸಲಾಗಿತ್ತು. ಅಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ಹ್ಯೂಸ್ ಮುಂದಿದ್ದರು. ಶಾಂತಿಯ ಘೋಷಣೆ ಮಹಿಳೆಯರನ್ನು ಮಾತ್ರ ಸೆಳೆಯುವಂತಿದ್ದರೆ ಇಲಿನಾಯ್‌ನಲ್ಲಿ ವ್ಯತ್ಯಾಸ ಕಾಣಬೇಕಿತ್ತು. ಅದು ಪಶ್ಚಿಮದ ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೇ ಸೆಳೆದಿರಬೇಕು.

ಮಲ್ಲಿಗೆ

ಇಲಿನಾಯ್‌ನಲ್ಲಿ ಮತ ಬಂದದ್ದು 1913ರಲ್ಲಿ, ಕಾನೂನಿನ ಮೂಲಕ, ಶಾಸನಸಭೆಯಿಂದ. ಕ್ಯಾಲಿಫೋರ್ನಿಯಾದಲ್ಲಿ ಮಹಿಳೆಯರು ಹಳ್ಳಿ ಹಳ್ಳಿ ತಿರುಗಿ, ಗಂಡಸರ ಮತ ಕೇಳಿ, ಚುನಾವಣೆ ನಡೆಸಿ ಹಕ್ಕು ಗೆದ್ದವರು. 1916ರ ಹೊತ್ತಿಗೆ ಅವರದೇ ಕ್ಲಬ್ಬುಗಳು, ಸಂಘಟನೆಗಳು, ರಾಜಕೀಯದ ಅನುಭವ ಇತ್ತು. ಶಿಕಾಗೋದ ಎಣಿಕೆಯನ್ನು ಫ್ರೆಸ್ನೋಗೆ ಹೊಂದಿಸಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಜೊತೆಗೆ ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ಆ ದಿನ ಪಾನನಿಷೇಧದ ಎರಡು ಪ್ರಸ್ತಾವಗಳೂ ಇದ್ದವು. ಎರಡೂ ಸೋತವು, ಆದರೆ ಮನೆಯಿಂದ ಮತಗಟ್ಟೆಗೆ ಜನರನ್ನು ಹೊರಡಿಸಿದ್ದರಲ್ಲಿ ಅವುಗಳ ಪಾಲೂ ಇದೆ. ಅಧ್ಯಕ್ಷ ಸ್ಥಾನಕ್ಕೆ ಪಾನನಿಷೇಧ ಪಕ್ಷದ ಅಭ್ಯರ್ಥಿಯೂ ಇಲ್ಲಿ ಇಪ್ಪತ್ತೇಳು ಸಾವಿರದಷ್ಟು ಮತ ಪಡೆದರು. ಹ್ಯೂಸ್ ಸೋತ ಅಂತರದ ಏಳು ಪಟ್ಟು! ಆ ಮತದಾರರಲ್ಲಿ ಹೆಚ್ಚಿನವರು ರಿಪಬ್ಲಿಕನ್ ಮನೆಗಳಿಂದ ಬಂದವರು ಎಂದು ನನ್ನ ಅಂದಾಜು.

ಧಾರವಾಡದ ದಾರಿ

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಒಂದು ವಿಷಯ ಯಾರೂ ಎತ್ತಲಿಲ್ಲ. ನೀವೆಲ್ಲ ಹೊಗಳುತ್ತಿರುವ ಪ್ರೊಗ್ರೆಸಿವ್ ಗವರ್ನರ್ ಜಾನ್ಸನ್ 1913ರಲ್ಲಿ ಸಹಿ ಹಾಕಿದ ಪರಕೀಯರ ಭೂಮಿ ಕಾಯ್ದೆ ಪೌರತ್ವ ಪಡೆಯಲಾರದ ಏಷ್ಯಾದವರಿಗೆ ಜಮೀನಿನ ಒಡೆತನವನ್ನೇ ನಿಷೇಧಿಸಿತು. ಮುಖ್ಯ ಗುರಿ ಜಪಾನಿ ರೈತರು. 1912ರಲ್ಲಿ ವಿಲ್ಸನ್ ಕೂಡ ಕ್ಯಾಲಿಫೋರ್ನಿಯಾದ ಮತಕ್ಕಾಗಿ ಚೀನಿ, ಜಪಾನಿ ಕೂಲಿಗಳ ವಲಸೆಯನ್ನು ತಡೆಯುವ ಪರ ಮಾತನಾಡಿದರು. ಸ್ಯಾನ್ ಫ್ರಾನ್ಸಿಸ್ಕೋದ ಸಂಘಗಳೂ ಏಷ್ಯಾದವರ ವಿರುದ್ಧ ಮೊದಲಿನಿಂದಲೂ ಹೋರಾಡಿದವು. ಹತ್ತು ಲಕ್ಷ ಜನರ ತೀರ್ಮಾನ ಎಂದು ಬರೆಯುವಾಗ, ಮತಗಟ್ಟೆಯ ಹೊರಗೆ ಉಳಿದವರನ್ನೂ ನೆನೆಯಬೇಕು.

ಆ ನಗರದಲ್ಲೇ ಆಗ ಭಾರತದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಗದರ್ ಪಕ್ಷದ ಮುದ್ರಣಾಲಯ ಇತ್ತು. 1913ರಿಂದ ಅಲ್ಲಿಂದ ಪತ್ರಿಕೆ ಹೊರಡುತ್ತಿತ್ತು. ಅಮೆರಿಕ ಯುದ್ಧದಿಂದ ಹೊರಗಿರುವವರೆಗೆ ಅವರ ಕೆಲಸ ಹೇಗೋ ನಡೆಯಿತು. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧ ಘೋಷಿಸಿದ ಕೂಡಲೇ ಬಂಧನಗಳು ಶುರುವಾದವು, ಅದೇ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ವಿಚಾರಣೆ ಆರಂಭವಾಯಿತು. 1918ರ ಏಪ್ರಿಲ್‌ನಲ್ಲಿ, ವಿಚಾರಣೆಯ ಕೊನೆಯ ದಿನ, ನ್ಯಾಯಾಲಯದ ಒಳಗೇ ಗುಂಡು ಹಾರಿ ಗದರ್ ಮುಖಂಡ ರಾಮಚಂದ್ರ ಸತ್ತರು. ಯುದ್ಧದಿಂದ ಹೊರಗಿಡುತ್ತಾರೆಂದು ಕ್ಯಾಲಿಫೋರ್ನಿಯಾ ಗೆಲ್ಲಿಸಿದ ಅಧ್ಯಕ್ಷರ ಕಾಲದಲ್ಲೇ ಇದೆಲ್ಲ ಆದದ್ದು.

ನಮ್ಮ ಕಡೆಯ ಕೊಂಡಿಯೂ ಒಂದಿದೆ. ಮುಂದೆ ಸೇವಾದಳ ಕಟ್ಟಿದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಆ ವರ್ಷಗಳಲ್ಲಿ ಅಮೆರಿಕದಲ್ಲೇ ಇದ್ದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಪ್ರಚಾರದಲ್ಲಿ ದುಡಿದು, 1921ರಲ್ಲಿ ಮರಳಿದರು. 1916ರ ಆ ಚುನಾವಣೆಯನ್ನು ಮತವಿಲ್ಲದೆ ನೋಡಿದ ಕನ್ನಡಿಗರು ಅವರು.

ದಕ್ಷಿಣದ ಓದುಗ

‘ಧಾರವಾಡದ ದಾರಿ’ ಅವರ ಬರಹ ಈ ಚರ್ಚೆಗೆ ಬೇಕಾಗಿತ್ತು. ಕಾರ್ಮಿಕರ ಮತ ಎಂದು ನಾನು ಬರೆದದ್ದು ಸಂಘಟಿತ ಬಿಳಿಯ ಕಾರ್ಮಿಕರ ಮತ. ಅದನ್ನು ಹಾಗೆಯೇ ಹೇಳಬೇಕು.

ಹೊಸ ಸದಸ್ಯ

ನನ್ನದೊಂದು ಸಣ್ಣ ಪ್ರಶ್ನೆ. ಫಲಿತಾಂಶ ತಿಳಿಯುವುದಕ್ಕೆ ಎಷ್ಟು ದಿನ ಹಿಡಿಯಿತು? ಹ್ಯೂಸ್ ಅಧ್ಯಕ್ಷರಾಗಿಯೇ ಮಲಗಿ, ಸೋತವರಾಗಿ ಎದ್ದರು ಎಂದು ಓದಿದ್ದೇನೆ.

ಲೆಕ್ಕದ ಮನುಷ್ಯ

ಪತ್ರಕರ್ತರು ರಾತ್ರಿ ಬಂದಾಗ ಅಧ್ಯಕ್ಷರನ್ನು ಎಬ್ಬಿಸಲಾಗದು ಎಂದು ಮನೆಯವರು ಹೇಳಿದರಂತೆ, ಆ ಮಾತು ಕಟ್ಟುಕಥೆ ಎಂದೇ ತೋರುತ್ತದೆ. ಮಂಗಳವಾರ ರಾತ್ರಿ ಪೂರ್ವದ ದೊಡ್ಡ ರಾಜ್ಯಗಳು ಹ್ಯೂಸ್‌ಗೆ ಹೋಗಿದ್ದವು, ನ್ಯೂಯಾರ್ಕಿನ ಪತ್ರಿಕೆಗಳು ಅವರೇ ಗೆದ್ದರೆಂದು ಸಾರಿದ್ದವು. ಬುಧವಾರ ಪಶ್ಚಿಮದ ಎಣಿಕೆ ಬರತೊಡಗಿದಾಗ ಚಿತ್ರ ತಿರುಗಿತು. ಕ್ಯಾಲಿಫೋರ್ನಿಯಾದ ಬೆಟ್ಟಗಾಡಿನ ಮತಗಟ್ಟೆಗಳಿಂದ ಲೆಕ್ಕ ಬರಲು ಇನ್ನೂ ತಡವಾಯಿತು. ವಿಲ್ಸನ್ ಗೆಲುವು ಖಚಿತವಾದದ್ದು ಗುರುವಾರ ರಾತ್ರಿಯ ಹೊತ್ತಿಗೆ. ಹ್ಯೂಸ್ ಸೋಲೊಪ್ಪಿ ತಂತಿ ಕಳುಹಿಸಿದ್ದು ನವೆಂಬರ್ 22ಕ್ಕೆ.

ಆ ತಂತಿಗಿಂತ ನನಗೆ ಮುಖ್ಯವೆನಿಸುವುದು ಮತದಾನಕ್ಕೆ ಎರಡು ದಿನ ಮೊದಲು ವಿಲ್ಸನ್ ತಮ್ಮ ವಿದೇಶಾಂಗ ಕಾರ್ಯದರ್ಶಿ ಲ್ಯಾನ್ಸಿಂಗ್‌ಗೆ ಬರೆದ ಪತ್ರ. ಹೊಸ ಅಧ್ಯಕ್ಷರು ಅಧಿಕಾರ ವಹಿಸುವುದು ಮಾರ್ಚ್ 4ಕ್ಕೆ. ಜಗತ್ತು ಹೊತ್ತಿ ಉರಿಯುತ್ತಿರುವಾಗ ಸೋತ ಅಧ್ಯಕ್ಷನೊಬ್ಬ ನಾಲ್ಕು ತಿಂಗಳು ಕುಳಿತಿರುವುದು ಅಪಾಯ ಎಂಬುದು ಅವರ ಆತಂಕ. ಅದಕ್ಕೆ ಅವರ ಯೋಜನೆ ಹೀಗಿತ್ತು: ಸೋತರೆ ಲ್ಯಾನ್ಸಿಂಗ್ ರಾಜೀನಾಮೆ ಕೊಡಬೇಕು, ಆ ಹುದ್ದೆಗೆ ಹ್ಯೂಸ್ ನೇಮಕವಾಗಬೇಕು, ಬಳಿಕ ಅಧ್ಯಕ್ಷರೂ ಉಪಾಧ್ಯಕ್ಷರೂ ರಾಜೀನಾಮೆ ಕೊಡಬೇಕು. ಅಂದಿನ ಕಾನೂನಿನಂತೆ ಉಪಾಧ್ಯಕ್ಷರ ನಂತರದ ಸರದಿ ವಿದೇಶಾಂಗ ಕಾರ್ಯದರ್ಶಿಯದು, ಆದ್ದರಿಂದ ಹ್ಯೂಸ್ ಕೂಡಲೇ ಅಧ್ಯಕ್ಷರಾಗುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಎರಡು ಸಾವಿರ ಜನ ಮನಸ್ಸು ಬದಲಿಸಿದ್ದರೆ ಈ ಯೋಜನೆ ಪರೀಕ್ಷೆಗೆ ಬರುತ್ತಿತ್ತು.

ಹಳೆಯ ಕಡತ

ಇಷ್ಟೆಲ್ಲ ಓದಿದ ಮೇಲೂ ನಾನು ಹೋಟೆಲನ್ನು ಬಿಟ್ಟುಕೊಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಊಟ ಕಾರ್ಮಿಕರಿಗೆ ನೋವು ಮಾಡಿತು, ಒಪ್ಪಿದೆ. ಆದರೆ ಅಲ್ಲಿನ ಸಂಘಗಳ ಜನ ಮೊದಲೇ ವಿಲ್ಸನ್ ಕಡೆ ವಾಲಿದ್ದರು ಎಂದು ನೀವೇ ಆಡಮ್ಸನ್ ಕಾಯ್ದೆಯ ವಿಷಯದಲ್ಲಿ ಬರೆದಿದ್ದೀರಿ. ಹಾಗಾದರೆ ಕಾರ್ಡು ತೂಗುಹಾಕಿದ್ದರಿಂದ ಹ್ಯೂಸ್ ಹೊಸದಾಗಿ ಕಳೆದುಕೊಂಡದ್ದೇನು? ಹೋಟೆಲು ಮುನಿಯುವಂತೆ ಮಾಡಿದ್ದು ಗೆಲ್ಲಬಹುದಾಗಿದ್ದ ಮತದಾರರನ್ನು: 1912ರಲ್ಲಿ ರೂಸ್‌ವೆಲ್ಟ್‌ಗೆ ಹಾಕಿ, 1916ರಲ್ಲಿ ಯಾವ ಕಡೆ ಹೋಗುವುದೆಂದು ಯೋಚಿಸುತ್ತಿದ್ದವರನ್ನು. ಚುನಾವಣೆಯ ಕೀಲಿ ಇದ್ದದ್ದು ಅವರ ಕೈಯಲ್ಲಿ.

ದಕ್ಷಿಣದ ಓದುಗ

ಆ ರೂಸ್‌ವೆಲ್ಟ್ ಮತದಾರರಲ್ಲೇ ಬಹಳ ಜನ ಕಾರ್ಮಿಕರು. 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರೊಗ್ರೆಸಿವ್ ಪಕ್ಷಕ್ಕೆ ಹಾಕಿದವರು, 1914ರಲ್ಲಿ ಜಾನ್ಸನ್‌ರನ್ನು ಅದೇ ಪಕ್ಷದಿಂದ ಮತ್ತೆ ಗವರ್ನರ್ ಮಾಡಿದವರು. ಅವರಿಗೆ ಜಾನ್ಸನ್ ಬೇಕಾದದ್ದು ಅವರ ಹುದ್ದೆಯ ಘನತೆಗಾಗಿ ಅಲ್ಲ, ಕಾರ್ಖಾನೆಯಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸಿದ್ದಕ್ಕೆ, ಮಹಿಳಾ ಕಾರ್ಮಿಕರಿಗೆ ಎಂಟು ಗಂಟೆಯ ದಿನ ತಂದದ್ದಕ್ಕೆ. ಅಂಥವರ ಎದುರು ಹ್ಯೂಸ್ ಮುಷ್ಕರ ಮುರಿದವರ ಕೈಯಿಂದ ಊಟ ಮಾಡಿದರು. ಹೋಟೆಲಿನಲ್ಲಿ ಜಾನ್ಸನ್ ಕೈ ಕುಲುಕಿದ್ದರೂ ಕ್ಲಬ್ಬಿನ ಊಟ ಅಳಿಸಿಹೋಗುತ್ತಿರಲಿಲ್ಲ.

ನಿಮ್ಮ ಮಾತಿನಲ್ಲಿ ನಾನು ಒಪ್ಪುವುದು ಒಂದಿದೆ: ಎರಡೂ ಕಡೆ ಅವರನ್ನು ನಡೆಸಿಕೊಂಡು ಹೋದವರು ಒಂದೇ ಗುಂಪಿನವರು. ಹ್ಯೂಸ್ ನ್ಯೂಯಾರ್ಕ್ ಗವರ್ನರ್ ಆಗಿದ್ದಾಗ ಪಕ್ಷದ ದಣಿಗಳನ್ನು ಎದುರಿಸಿ ಹೆಸರಾದವರು. ಆರು ವರ್ಷ ಸುಪ್ರೀಂ ಕೋರ್ಟ್‌ನಲ್ಲಿ ಕುಳಿತು, ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ನೇರವಾಗಿ ಕಣಕ್ಕೆ ಇಳಿದರು. ಆ ಆರು ವರ್ಷಗಳಲ್ಲಿ ದೇಶದ ರಾಜಕೀಯ, ಅದರಲ್ಲೂ ಪಶ್ಚಿಮದ ರಾಜಕೀಯ, ಅವರು ಬಲ್ಲದ್ದಕ್ಕಿಂತ ಬೇರೆಯೇ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಯಾರ ಕಾರು ಹತ್ತಬೇಕು, ಯಾರದು ಹತ್ತಬಾರದು ಎಂದು ಹೇಳುವ ಒಬ್ಬ ಸ್ವತಂತ್ರ ಸ್ನೇಹಿತ ಅವರಿಗೆ ಇರಲಿಲ್ಲ.

ಸ್ಯಾನ್ ಹೋಸೆ ನಿವಾಸಿ

ಮುಂದಿನದನ್ನೂ ಸೇರಿಸುತ್ತೇನೆ, ಓದುತ್ತಿರುವ ಹೊಸಬರಿಗಾಗಿ. ಹ್ಯೂಸ್ 1921ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು, 1930ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಸುಪ್ರೀಂ ಕೋರ್ಟ್‌ಗೆ ಮರಳಿದರು. ಜಾನ್ಸನ್ 1917ರಿಂದ ಸಾಯುವವರೆಗೂ ಸೆನೆಟ್‌ನಲ್ಲಿದ್ದರು, ರಾಷ್ಟ್ರಗಳ ಒಕ್ಕೂಟಕ್ಕೆ ಅಮೆರಿಕ ಸೇರುವುದನ್ನು ಕಡುವಾಗಿ ವಿರೋಧಿಸಿದವರಲ್ಲಿ ಒಬ್ಬರಾದರು. 1920ರಲ್ಲಿ ಹಾರ್ಡಿಂಗ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತೆ ಬಂದ ಆಹ್ವಾನವನ್ನು ಅವರು ತಿರಸ್ಕರಿಸಿದರು. ಹಾರ್ಡಿಂಗ್ 1923ರ ಆಗಸ್ಟ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಹೋಟೆಲಿನಲ್ಲಿ ತೀರಿಕೊಂಡರು. ಅಧ್ಯಕ್ಷರಾದದ್ದು ಕ್ಯಾಲ್ವಿನ್ ಕೂಲಿಡ್ಜ್.

ಟಾಮ್ ಮೂನಿಗೆ ಗಲ್ಲು ವಿಧಿಸಲಾಯಿತು. 1918ರಲ್ಲಿ ವಿಲ್ಸನ್ ಮಧ್ಯಪ್ರವೇಶಿಸಿ ಕೇಳಿಕೊಂಡ ಮೇಲೆ ರಾಜ್ಯದ ಗವರ್ನರ್ ಅದನ್ನು ಜೀವಾವಧಿಗೆ ಇಳಿಸಿದರು. ಅವರ ವಿರುದ್ಧದ ಸಾಕ್ಷ್ಯ ಸುಳ್ಳೆಂದು ಬಯಲಾದರೂ ಬಿಡುಗಡೆ ಸಿಕ್ಕಿದ್ದು 1939ರ ಜನವರಿಯಲ್ಲಿ, ನಾಲ್ಕು ದಶಕಗಳಲ್ಲಿ ಮೊದಲ ಸಲ ಡೆಮಾಕ್ರಟ್ ಒಬ್ಬರು ಈ ರಾಜ್ಯದ ಗವರ್ನರ್ ಆದಾಗ. ಮೂನಿ ಪ್ರಕರಣಕ್ಕೆ ಬೇರೆಯೇ ಚರ್ಚೆ ತೆರೆಯುವುದಾದರೆ ನಾನು ಬರೆಯಲು ಸಿದ್ಧನಿದ್ದೇನೆ.